ನಲವತ್ತಕ್ಕೆ ಒಂದು ಕಡಿಮೆ

ಏಳು ಸಮುದ್ರದಾಚೆ ಒಂದು ದ್ವೀಪ, ದ್ವೀಪದಲ್ಲೊಂದು ಮರ, ಮರದ ಪೊಟರೆಯಲ್ಲೊಂದು ಗಿಳಿ, ಗಿಳಿಯೊಳಗೆ ರಾಕ್ಷಸನ ಪ್ರಾಣ. ಅಜ್ಜಿ ಈ ಕತೆ ಹೇಳುವಾಗಲೆಲ್ಲ ನನಗೆ ರಾಕ್ಷಸನ ಮೇಲೇ ಕನಿಕರ. ಅಷ್ಟು ದೊಡ್ಡ ಮೈ ಇದ್ದೂ ಪ್ರಾಣವನ್ನು ಯಾಕೆ ಅಷ್ಟು ದೂರ ಇಟ್ಟುಕೊಂಡ, ದಿನಾ ಅದಕ್ಕೆ ಕಾಳು ಹಾಕುವವರು ಯಾರು ಎಂದು ಚಿಂತೆಯಾಗುತ್ತಿತ್ತು. ಪ್ರಯೋಗಾಲಯಕ್ಕೆ ಸೇರಿದ ಮೇಲೆ ಆ ಚಿಂತೆ ಕಳೆಯಿತು. ನಮ್ಮ ಸರ್ ಅವರ ಪ್ರಾಣ ಯಾವುದೋ ದೂರದೇಶದ ಕಂಪ್ಯೂಟರಿನೊಳಗೆ ಒಂದು ಅಂಕಿಯಲ್ಲಿತ್ತು. ಅದಕ್ಕೆ ಕಾಳು ಹಾಕುವವರು ನಾವು.

ಆ ಅಂಕಿ ಮೂವತ್ತೊಂಬತ್ತು.

ಬೆನ್ನ ಹಿಂದೆ ನಾವು ಅವರನ್ನು ಕರೆಯುತ್ತಿದ್ದದ್ದೂ ಹಾಗೆಯೇ. ನಾನು ಸೇರಿದ ವರ್ಷ ಅವರು ಮೂವತ್ತಾರು ಆಗಿದ್ದರು. ವರ್ಷಕ್ಕೊಂದರಂತೆ ಬೆಳೆದು, ಮೂವತ್ತೊಂಬತ್ತಕ್ಕೆ ಬಂದು, ಬಾಗಿಲಲ್ಲಿ ಸಿಕ್ಕಿಕೊಂಡ ಮಂಚದ ಹಾಗೆ ಅಲ್ಲೇ ನಿಂತುಬಿಟ್ಟರು. ಬೆಳಗ್ಗೆ ಒಂಬತ್ತೂಕಾಲಿಗೆ ಬಂದವರು ಕೈಯ ಚೀಲವನ್ನೂ ಕೆಳಗಿಡದೆ ಕಂಪ್ಯೂಟರಿನ ಮುಂದೆ ಕೂತು ಆ ಪುಟ ತೆರೆಯುತ್ತಿದ್ದರು. ಅಂಕಿ ಬದಲಾಗಿರುತ್ತಿರಲಿಲ್ಲ. ಮುಚ್ಚಿ ಮತ್ತೆ ತೆರೆಯುತ್ತಿದ್ದರು. ಕೆಲವು ದಿನ ಕರ್ಚೀಫು ತೆಗೆದು ಪರದೆಯನ್ನೇ ಒರೆಸುತ್ತಿದ್ದರು, ನಲವತ್ತು ಎಲ್ಲೋ ಧೂಳಿನಡಿ ಇದ್ದೀತು ಎಂಬಂತೆ. ಗಾಜಿನ ಗೋಡೆಯ ಈಚೆ ಕೂತ ನಮಗೆ ಆ ಬೆನ್ನು ನೋಡಿದರೆ ಸಾಕು, ಆ ದಿನ ರಜೆ ಕೇಳಬಹುದೋ ಬಾರದೋ ಗೊತ್ತಾಗುತ್ತಿತ್ತು.

ಒಂದು ಭಾನುವಾರ ಅಜ್ಜಿ ನನ್ನ ಬಿಳಿ ಕೋಟಿಗೆ ಗುಂಡಿ ಹೊಲಿಯುತ್ತ ಕೇಳಿದಳು: "ನಿಮ್ಮ ಸರ್ ಏನು ಕೆಲಸ ಮಾಡ್ತಾರೆ?"

"ಸಂಶೋಧನೆ ಅಜ್ಜಿ. ಲಿವರ್ ಬಗ್ಗೆ. ಕಂಡುಹಿಡಿದದ್ದನ್ನ ಪೇಪರ್ ಬರೀತಾರೆ."

"ಎಷ್ಟು ಬರೆದಿದಾರೆ?"

"ಇನ್ನೂರ ಹದಿನೇಳು."

"ಅಯ್ಯೋ! ಮತ್ತೆ ಕಂಡುಹಿಡಿಯೋದು ಯಾವಾಗ?"

ಈ ಪ್ರಶ್ನೆ ನಮ್ಮ ಸಂಸ್ಥೆಯಲ್ಲಿ ಯಾರೂ ಕೇಳಿದ್ದಿಲ್ಲ. ನಾನು ಮೂವತ್ತೊಂಬತ್ತರ ಗುಟ್ಟು ಬಿಡಿಸಿ ಹೇಳಿದೆ. ಒಬ್ಬರ ಪೇಪರನ್ನು ಇನ್ನೊಬ್ಬರು ತಮ್ಮ ಪೇಪರಿನಲ್ಲಿ 'ಇಂಥವರು ಹೀಗೆ ಹೇಳಿದ್ದಾರೆ' ಎಂದು ಹೆಸರಿಸಿದರೆ ಅದೊಂದು ಸೈಟೇಶನ್. ನಲವತ್ತು ಪೇಪರುಗಳಿಗೆ ಒಂದೊಂದಕ್ಕೂ ಕಡಿಮೆಯೆಂದರೆ ನಲವತ್ತು ಸೈಟೇಶನ್ ಬಂದಿದ್ದರೆ ಆ ಮನುಷ್ಯನ ತೂಕ ನಲವತ್ತು. ಸರ್ ಅವರ ಮೂವತ್ತೊಂಬತ್ತು ಪೇಪರುಗಳು ಆ ಗೆರೆ ದಾಟಿ ಹಾಯಾಗಿವೆ. ನಲವತ್ತನೆಯದಕ್ಕೆ ಮಾತ್ರ ಮೂವತ್ತೊಂಬತ್ತು ಸೈಟೇಶನ್. ಆರು ವರ್ಷದಿಂದ ಅದನ್ನು ಯಾರೂ ಕೇಳಿಲ್ಲ. ಒಂದೇ ಒಂದು ಕಡಿಮೆ.

"ಉಳಿದ ನೂರಾ ಎಪ್ಪತ್ತೇಳು?" ಅಜ್ಜಿಯ ಲೆಕ್ಕ ಯಾವಾಗಲೂ ಚುರುಕು.

"ಅವು ಲೆಕ್ಕಕ್ಕಿಲ್ಲ."

"ಪಾಪ." ಅಜ್ಜಿ ದಾರವನ್ನು ಹಲ್ಲಿನಲ್ಲಿ ಕಚ್ಚಿ ತುಂಡರಿಸಿದಳು. "ಹೆಸರಿಸೋದು ಅಂದ್ಯಲ್ಲ, ಹೊಗಳಿದ್ರೆ ಮಾತ್ರಾನಾ? ಬೈದ್ರೂ ಲೆಕ್ಕಾನಾ?"

"ಬೈದ್ರೂ ಲೆಕ್ಕಾನೇ. ಎಣಿಸೋ ಯಂತ್ರಕ್ಕೆ ಓದಕ್ಕೆ ಬರಲ್ಲ."

"ಹಾಗಾದ್ರೆ ನಿಮ್ಮ ತಾತ ಈ ಕೆಲಸಕ್ಕೆ ಸೇರ್ಬೇಕಿತ್ತು ಕಣೆ. ಇಡೀ ಬೀದಿ ಅವರ ಹೆಸರೆತ್ತಿ ಬೈತಿತ್ತು."

ಆ ವರ್ಷ ನಮ್ಮ ಸಂಸ್ಥೆಯ ನಿರ್ದೇಶಕರ ಕುರ್ಚಿ ಖಾಲಿಯಾಗುವುದಿತ್ತು. ಅರ್ಜಿ ಹಾಕಲು ತೂಕ ಕನಿಷ್ಠ ನಲವತ್ತು ಇರಬೇಕು ಎಂದು ಸುತ್ತೋಲೆ ಬಂತು. ಮನುಷ್ಯ ಹೇಗಿರಬೇಕು, ಸಭೆಯಲ್ಲಿ ನಿದ್ದೆ ಮಾಡಬಾರದೇ ಎಂಬುದರ ಬಗ್ಗೆ ಸುತ್ತೋಲೆಯಲ್ಲಿ ಏನೂ ಇರಲಿಲ್ಲ. ಪಕ್ಕದ ಕಟ್ಟಡದಲ್ಲಿ ಕಿಡ್ನಿ ಸಂಶೋಧನೆ ಮಾಡುವ, ನಾವು ಕಿಡ್ನಿಯವರು ಎನ್ನುತ್ತಿದ್ದವರಿಗೆ ಆಗಲೇ ನಲವತ್ತು ಆಗಿತ್ತು. ಇಬ್ಬರೂ ಗೆರೆ ದಾಟಿದರೆ ಸೇವೆಯಲ್ಲಿ ಹಿರಿಯರಾದ ನಮ್ಮ ಸರ್‌ಗೇ ಕುರ್ಚಿ. ಹನ್ನೆರಡು ವರ್ಷ ಈ ಇಬ್ಬರೂ ನನ್ನದು ನೀನು ಹೆಸರಿಸು, ನಿನ್ನದು ನಾನು ಎಂದು ಅಣ್ಣತಮ್ಮಂದಿರ ಹಾಗೆ ಇದ್ದವರು. ಸುತ್ತೋಲೆ ಬಂದ ದಿನದಿಂದ ಲಿಫ್ಟಿನಲ್ಲಿ ಎದುರಾದರೂ ಒಬ್ಬರು ಅಂತಸ್ತಿನ ಅಂಕಿ ನೋಡುತ್ತ, ಇನ್ನೊಬ್ಬರು ತಮ್ಮ ಚಪ್ಪಲಿ ನೋಡುತ್ತ ನಿಲ್ಲತೊಡಗಿದರು.

ಆ ನಲವತ್ತನೆಯ ಪೇಪರಿಗೂ ನನಗೂ ಋಣಾನುಬಂಧ. ಹದಿನಾಲ್ಕು ವರ್ಷ ಹಳೆಯದು. ಬಾಟಲಿಯಲ್ಲಿ ಬೆಳೆಸಿದ ಲಿವರ್ ಜೀವಕೋಶಗಳ ಮೇಲೆ ಸೂಜಿಯಿಂದ ಗೆರೆ ಎಳೆದು ಗಾಯ ಮಾಡಿ, ಒಂದು ಪ್ರೋಟೀನು ಹಾಕಿದರೆ ಎರಡೇ ದಿನದಲ್ಲಿ ಗಾಯ ಮುಚ್ಚಿಕೊಳ್ಳುತ್ತದೆ ಎಂದು ಅದರಲ್ಲಿತ್ತು. ಹೇಗೆ ಮುಚ್ಚಿಕೊಳ್ಳುತ್ತದೆ ಎಂದು ಕಂಡುಹಿಡಿಯುವುದು ನನ್ನ ಪಿಎಚ್‌ಡಿ ಕೆಲಸ. ಎರಡು ವರ್ಷ ಗೆರೆ ಎಳೆದೆ, ಪ್ರೋಟೀನು ಹಾಕಿದೆ, ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಕೂತೆ. ಗಾಯದ ಎರಡೂ ದಡದಲ್ಲಿ ಜೀವಕೋಶಗಳು ನದಿ ದಾಟಲು ದೋಣಿ ಕಾಯುವವರ ಹಾಗೆ ಕಾಣುತ್ತಿದ್ದವು. ನಾನು ಆ ನದಿಗೊಂದು ಹೆಸರಿಟ್ಟು, ಆಚೆ ದಡದಲ್ಲೊಂದು ಅರಮನೆ ಕಟ್ಟಿ, ಊಟದ ಹೊತ್ತು ಮರೆತದ್ದೂ ಉಂಟು. ಆದರೆ ದೋಣಿ ಬರಲಿಲ್ಲ. ಅವು ಮುನಿಸಿಕೊಂಡ ನೆಂಟರ ಹಾಗೆ ಕೂತಲ್ಲೇ ಕೂತವು.

"ನಿನ್ನ ಕೈ ಸರಿ ಇಲ್ಲಮ್ಮ," ಎಂದರು ಸರ್. "ನಾನು ಮಾಡಿದಾಗ ಎರಡೇ ದಿನಕ್ಕೆ ಮುಚ್ಚಿತ್ತು."

ಸರ್ ಮಾಡಿದ್ದು ಎಂದರೆ ಅಕ್ಕ ಮಾಡಿದ್ದು. ಅಕ್ಕ ನಮ್ಮ ಟೆಕ್ನಿಷಿಯನ್. ಇಪ್ಪತ್ತೇಳು ವರ್ಷದಿಂದ ಜೀವಕೋಶಗಳಿಗೆ ಗುಲಾಬಿ ಬಣ್ಣದ ಪೋಷಕದ್ರವ ಹಾಕಿ, ಹೊತ್ತುಹೊತ್ತಿಗೆ ಬಾಟಲಿ ಬದಲಿಸಿ, "ಯಾಕೋ ಇವತ್ತು ಸಪ್ಪಗಿದೀರಿ" ಎಂದು ಮಾತಾಡಿಸಿ ಸಾಕುವವರು. ಇನ್ನೂರ ಹದಿನೇಳರಲ್ಲಿ ಮುಕ್ಕಾಲು ಪಾಲು ಅಕ್ಕನ ಕೈಯಲ್ಲಿ ಹುಟ್ಟಿದ್ದು. ಅಕ್ಕನ ಹೆಸರು ಒಂದರಲ್ಲೂ ಇರಲಿಲ್ಲ. ಎರಡರ ಕೊನೆಯಲ್ಲಿ 'ಸಿಬ್ಬಂದಿಗೆ ಕೃತಜ್ಞತೆ' ಎಂಬ ಸಾಲಿತ್ತು. ಆ ಸಿಬ್ಬಂದಿ ತಾನೇ ಎಂದು ಅಕ್ಕ ನಂಬಿದ್ದರು. ಲಿಫ್ಟಿನವನೂ ಹಾಗೆಯೇ ನಂಬಿದ್ದ.

ನಾನು ಬಾಟಲಿಗಳ ಮುಂದೆ ಕಣ್ಣೊರೆಸಿಕೊಳ್ಳುವುದನ್ನು ನೋಡಿ ಅಕ್ಕ ಸ್ಟೂಲು ಎಳೆದುಕೊಂಡು ಕೂತರು.

"ನಿನ್ನ ಕೈ ಸರಿಯಾಗೇ ಇದೆ ಕಣೆ. ಇವು ಲಿವರ್ ಜೀವಕೋಶ, ಮಹಾ ಸೋಮಾರಿಗಳು. ಆಗಿನವು ಬೇರೆ ಥರ ಇದ್ವು. ವಾರಕ್ಕೆ ಎರಡು ಸಲ ಊಟ ಹಾಕಿದ್ರೆ ಸಾಕು ಅಂತ ಪುಸ್ತಕದಲ್ಲಿದೆ, ಅವು ದಿನಾ ಬಾಯಿ ಬಿಡ್ತಿದ್ವು. ಒಂದು ಸಲ ನಾನು ಪ್ರೋಟೀನ್ ಹಾಕೋದೇ ಮರೆತೆ. ಆದ್ರೂ ಗಾಯ ಮುಚ್ಚಿಕೊಂಡ್ತು."

"ಸರ್‌ಗೆ ಹೇಳಿದ್ರಾ?"

"ಹೇಳ್ದೆ. ಹಾಕಿ ಮರೆತಿರ್ತೀಯ ಅಂದ್ರು."

ಅಕ್ಕ ಬೀರುವಿನ ತಳದಿಂದ ತಮ್ಮ ಹಳೆಯ ನೋಟುಬುಕ್ಕು ತೆಗೆದರು. ಅಂಚು ಸುರುಳಿ ಸುತ್ತಿದ ಪುಟದಲ್ಲಿ, ತಾರೀಖಿನ ಕೆಳಗೆ, ಗುಂಡನೆಯ ಅಕ್ಷರದಲ್ಲಿ ಬರೆದಿತ್ತು: ಪ್ರೋಟೀನ್ ಹಾಕಿಲ್ಲ. ಗಾಯ ಮುಚ್ಚಿದೆ. ಸರ್‌ಗೆ ತಿಳಿಸಿದೆ. ಹಾಕಿರಬೇಕು ಎಂದರು.

ಆ ಕಾಲದ ಜೀವಕೋಶಗಳ ಒಂದು ಸೀಸೆ ದ್ರವ ಸಾರಜನಕದ ಡಬ್ಬದಲ್ಲಿ ಇನ್ನೂ ಹೆಪ್ಪುಗಟ್ಟಿ ಮಲಗಿತ್ತು. ಅಕ್ಕ ಏನನ್ನೂ ಎಸೆಯುವವರಲ್ಲ. ಏಳು ಸುತ್ತಿನ ಕೋಟೆಯೊಳಗೆ ನಿದ್ದೆ ಹೋದ ರಾಜಕುಮಾರಿಯನ್ನು ಎಬ್ಬಿಸುವಂತೆ ಅದನ್ನು ತೆಗೆದು, ಕರಗಿಸಿ, ಡಿಎನ್‌ಎ ಪರೀಕ್ಷೆಗೆ ಕಳಿಸಿದೆ. ಮೂರು ವಾರಕ್ಕೆ ವರದಿ ಬಂತು. ರಾಜಕುಮಾರಿ ಬೇರೆ ಮನೆಯವಳು. ಲಿವರ್ ಎಂದು ಚೀಟಿ ಹಚ್ಚಿದ ಸೀಸೆಯಲ್ಲಿದ್ದದ್ದು ಮೂತ್ರಕೋಶದ ಗೆಡ್ಡೆಯ ಜೀವಕೋಶಗಳು. ಯಾವತ್ತೋ ಯಾವುದೋ ಬಾಟಲಿಯಿಂದ ಒಂದು ಹನಿ ಬೆರೆತಿದೆ. ಗೆಡ್ಡೆಯವು ಲಿವರಿನವನ್ನು ಹಿಂದೆ ಹಾಕಿ ಇಡೀ ಬಾಟಲಿ ತುಂಬಿಕೊಂಡಿವೆ. ಗೆಡ್ಡೆಗೆ ಗಾಯ ಮುಚ್ಚಲು ಯಾರ ಪ್ರೋಟೀನೂ ಬೇಡ; ಬೆಳೆಯುವುದೊಂದೇ ಅದಕ್ಕೆ ಗೊತ್ತು. ನಮ್ಮ ಸರ್ ಹದಿನಾಲ್ಕು ವರ್ಷದಿಂದ ಲಿವರ್ ಎಂದು ಹೆಮ್ಮೆಪಟ್ಟದ್ದು ಕಿಡ್ನಿಯವರ ಪಕ್ಕದ ಮನೆಯನ್ನು.

ನನಗೆ ಉಳಿದಿದ್ದದ್ದು ಎಂಟು ತಿಂಗಳು. ಅಷ್ಟರೊಳಗೆ ಒಂದು ಪೇಪರ್ ಪ್ರಕಟವಾಗಬೇಕು, ಥೀಸಿಸ್ಸಿಗೆ ಸರ್ ಸಹಿ ಬೀಳಬೇಕು. ಇಲ್ಲದಿದ್ದರೆ ನಾಲ್ಕು ವರ್ಷ ನೀರುಪಾಲು. ನನ್ನ ಬಳಿ ಇದ್ದ ಫಲಿತಾಂಶ ಒಂದೇ: ಸರ್ ಹೇಳಿದ್ದು ತಪ್ಪು. ಸಹಿ ಹಾಕಬೇಕಾದವರೂ ಸರ್.

ವರದಿ ಹಿಡಿದು ಅವರ ಕೋಣೆಗೆ ಹೋದೆ. "ಸರ್, ಆ ಹಳೆ ಪೇಪರಿನ ಬಗ್ಗೆ ಒಂದು ವಿಷಯ ಹೇಳ್ಬೇಕಿತ್ತು."

ಅವರು ಕುರ್ಚಿಯನ್ನು ಗಿರ್ರನೆ ತಿರುಗಿಸಿದರು. ಮುಖ ಅರಳಿತ್ತು. "ನಾನೂ ಅದನ್ನೇ ಹೇಳೋಣ ಅಂತಿದ್ದೆ! ಅದಕ್ಕೊಂದು ಸೈಟೇಶನ್ ಬೇಕು. ನಿನ್ನ ಪೇಪರ್ ಬರೆಯೋಕೆ ಶುರು ಮಾಡು, ಅದನ್ನ ಹೆಸರಿಸು."

"ಸರ್, ಆ ಪ್ರೋಟೀನ್ ಕೆಲಸ ಮಾಡ್ತಿಲ್ಲ."

"ಮೂವತ್ತೊಂಬತ್ತು ಜನಕ್ಕೆ ಮಾಡಿದೆ."

"ಅಲ್ಲ ಸರ್, ಆ ಬಾಟಲೀಲಿ ಇದ್ದದ್ದೇ..."

"ಬಾಯಲ್ಲಿ ಹೇಳಿದ್ದು ವಿಜ್ಞಾನ ಅಲ್ಲಮ್ಮ," ಎಂದು ಅವರು ಕೈ ಎತ್ತಿ ತಡೆದರು. "ಏನಿದ್ರೂ ಪೇಪರಲ್ಲಿ ಬರಿ. ಬರೆದು ಕೊಡು, ಓದ್ತೀನಿ."

ನಾಲ್ಕು ವರ್ಷದಲ್ಲಿ ಅವರು ನನಗೆ ಕಲಿಸಿದ ಅತ್ಯಂತ ದೊಡ್ಡ ಪಾಠ ಅದು. ನಾನು ಅದನ್ನು ಚಾಚೂ ತಪ್ಪದೆ ಪಾಲಿಸಿದೆ.

ಎರಡು ದಿನ ಬಿಟ್ಟು ಮತ್ತೆ ಕರೆ ಬಂತು. ಬಾಗಿಲು ಹಾಕಿಸಿದರು. ದನಿ ಗದ್ಗದವಾಗಿತ್ತು.

"ನಿನ್ನ ಪೇಪರಿನಲ್ಲಿ ನನ್ನ ಹೆಸರು ಬೇಡ."

"ಸರ್?"

"ಎಳೆಯರು ಬೆಳೀಬೇಕು. ಎಷ್ಟು ದಿನ ಅಂತ ನನ್ನ ನೆರಳಲ್ಲಿ ಇರ್ತೀಯ? ಪೂರ್ತಿ ನಿನ್ನದೇ ಆಗಿ ಬರಲಿ. ನಾನು ದೂರ ನಿಂತು ನೋಡ್ತೀನಿ."

ನನ್ನ ಕಣ್ಣು ತುಂಬಿ ಬಂತು. ಅವರ ತಕ್ಕಡಿಯಲ್ಲಿ ಉಪ್ಪು ತೂಗಿದವರ ಪೇಪರಿಗೂ ಕೊನೆಯ ಹೆಸರಾಗಿ ಸೇರಿಕೊಂಡವರು ಅವರು. ಗುರುಕುಲದೀಪಕ, ತ್ಯಾಗಮೂರ್ತಿ ಎಂದು ಮನಸ್ಸಿನಲ್ಲೇ ಒಂದು ಕತೆ ಕಟ್ಟುತ್ತ ಈಚೆ ಬಂದೆ. ಅದನ್ನು ಒಡೆದವನು ಗ್ರಾಫ್ ಅಣ್ಣ. ಅವನು ನಮ್ಮಲ್ಲಿ ಎಲ್ಲರಿಗಿಂತ ಸೀನಿಯರ್. ಇಡೀ ಪ್ರಯೋಗಾಲಯದ ಗ್ರಾಫುಗಳಿಗೆ ಬಣ್ಣ ಹಾಕುತ್ತ ಹಾಕುತ್ತ ತನ್ನ ಥೀಸಿಸ್ಸನ್ನೇ ಮರೆತವನು.

"ತ್ಯಾಗ ಅಂತೆ, ತ್ಯಾಗ!" ಎಂದ. "ಆಯ್ಕೆ ಸಮಿತಿಯವರು ನಿನ್ನೆ ಇನ್ನೊಂದು ಸುತ್ತೋಲೆ ಕಳಿಸಿದಾರೆ, ನೋಡಿಲ್ವಾ? ಇನ್ಮೇಲೆ ಬರೋ ಪೇಪರಲ್ಲಿ ತಮ್ಮ ಪೇಪರನ್ನ ತಾವೇ ಹೆಸರಿಸಿಕೊಂಡ್ರೆ ಅದು ಲೆಕ್ಕಕ್ಕಿಲ್ವಂತೆ. ನಿನ್ನ ಪೇಪರಲ್ಲಿ ಅವರ ಹೆಸರಿದ್ರೆ ಸೈಟೇಶನ್ ಗೋತಾ."

ಹೀಗೆ ನಮ್ಮ ಪ್ರಯೋಗಾಲಯದ ಇತಿಹಾಸದಲ್ಲಿ ಮೊದಲ ಬಾರಿಗೆ ಲೇಖಕರ ಸಾಲಿನಲ್ಲಿ ಒಂದು ಜಾಗ ಖಾಲಿಯಾಯಿತು. ನಾನು ಅಲ್ಲಿ ಅಕ್ಕನ ಹೆಸರು ಹಾಕಿದೆ.

"ನಂದ್ಯಾಕೆ? ಬಾಟಲಿ ತೊಳೆಯೋರ ಹೆಸರು ನೋಡಿ ನಗ್ತಾರೆ," ಎಂದು ಅಕ್ಕ ಗಾಬರಿಯಾದರು. ಆಮೇಲೆ ಮೆಲ್ಲಗೆ, "ಅಚ್ಚಾದ್ಮೇಲೆ ಒಂದು ಪ್ರತಿ ಕೊಡ್ತಾರಾ? ನಮ್ಮನೇರಿಗೆ ತೋರಿಸ್ಬೇಕು," ಎಂದರು.

ಬರೆಯಲು ಕೂತಾಗ ನನಗೆ ಸರ್ ಸಹಿ ನೆನಪಾಯಿತು. ನಮ್ಮ ಕಸುಬಿನಲ್ಲಿ ಸತ್ಯಕ್ಕೆ ಕಂಬಳಿ ಹೊದಿಸಿ ಮಲಗಿಸುವ ಭಾಷೆಯೊಂದಿದೆ. ಅದರಲ್ಲಿ ನಾನೂ ಬರೆದೆ: 'ಹಿಂದಿನ ವರದಿಗೆ ಹೋಲಿಸಿದಾಗ ಕೆಲವು ಸಂದರ್ಭಗಳಲ್ಲಿ ತುಸು ಭಿನ್ನವಾದ ಪ್ರವೃತ್ತಿ ಕಂಡುಬಂದಿದ್ದು, ಹೆಚ್ಚಿನ ಅಧ್ಯಯನದ ಅಗತ್ಯವಿದೆ.' ಅಕ್ಕನಿಗೆ ಅರ್ಥ ಬಿಡಿಸಿ ಓದಿ ಹೇಳಿದೆ. ಅಕ್ಕ ಕೈಗವಸು ಬಿಚ್ಚುತ್ತ ಕೇಳಿಸಿಕೊಂಡರು.

"ಇದರಲ್ಲಿ ಅದು ಲಿವರ್ ಅಲ್ಲ ಅಂತ ಎಲ್ಲಿದೆ?"

"ಸೂಕ್ಷ್ಮವಾಗಿದೆ ಅಕ್ಕ."

"ಹದಿನಾಲ್ಕು ವರ್ಷದ ಹಿಂದೆ ನಾನು ಸೂಕ್ಷ್ಮವಾಗೇ ಹೇಳಿದ್ದೆ," ಎಂದು ಅಕ್ಕ ಕೈಗವಸನ್ನು ಡಬ್ಬಕ್ಕೆ ಎಸೆದರು.

ನಾನು ಆ ಸಾಲು ಅಳಿಸಿದೆ. ನಾಲ್ಕನೆಯ ಪುಟದ ಮಧ್ಯಕ್ಕೆ, ಎಲ್ಲರ ಕಣ್ಣಿಗೂ ಬೀಳುವಂತೆ, ಆಕರಪಟ್ಟಿಯಲ್ಲಿ ಹದಿನೇಳನೆಯದಾದ ಸರ್ ಪೇಪರಿನ ಬಗ್ಗೆ ಬಿಡಿಬಿಡಿಯಾಗಿ ಬರೆದೆ: 'ಹದಿನೇಳನೆಯ ಆಕರದಲ್ಲಿ ಬಳಸಿದ ಜೀವಕೋಶಗಳು ಲಿವರಿನವಲ್ಲ, ಮೂತ್ರಕೋಶದ ಗೆಡ್ಡೆಯವು. ಪ್ರೋಟೀನು ಹಾಕದಿದ್ದರೂ ಅವು ಗಾಯ ಮುಚ್ಚುತ್ತವೆ. ನಿಜವಾದ ಲಿವರ್ ಜೀವಕೋಶಗಳ ಮೇಲೆ ಆ ಪ್ರೋಟೀನಿಗೆ ಯಾವ ಪರಿಣಾಮವೂ ಇಲ್ಲ. ಆ ಪೇಪರಿನ ತೀರ್ಮಾನ ನಿಲ್ಲುವುದಿಲ್ಲ.' ಅಕ್ಕನ ನೋಟುಬುಕ್ಕಿನ ಪುಟದ ಚಿತ್ರವನ್ನೂ ಕೆಳಗೆ ಹಾಕಿದೆ.

ಆಮೇಲೆ ನನಗಿದ್ದ ಆಸರೆ ಒಂದೇ, ಸರ್ ಓದುವ ಕ್ರಮ. ಅವರು ಯಾವ ಪೇಪರನ್ನಾದರೂ ಹಿಂದಿನಿಂದ ಓದುತ್ತಿದ್ದರು. ಕೊನೆಯ ಪುಟದ ಆಕರಪಟ್ಟಿಗೆ ನೇರ ಹೋಗಿ, ಬೆರಳಿಟ್ಟು ಕೆಳಗಿಳಿಯುತ್ತ, ತಮ್ಮ ಹೆಸರು ಬಂದಲ್ಲೆಲ್ಲ ಕೆಂಪು ಪೆನ್ಸಿಲಿನಲ್ಲಿ ಗುರುತು ಹಾಕಿ, ಒಟ್ಟು ಎಷ್ಟೆಂದು ಮೂಲೆಯಲ್ಲಿ ಬರೆದು ಮಡಿಸಿಡುತ್ತಿದ್ದರು. ಆ ಅಂಕಿ ಐದಕ್ಕಿಂತ ಹೆಚ್ಚಿದ್ದರೆ ಪೇಪರ್ ಒಳ್ಳೆಯದು. ಹಿಂದೊಬ್ಬ ವಿದ್ಯಾರ್ಥಿ ನಡುವಿನ ಪುಟದಲ್ಲಿ ಸೈಕಲ್ಲಿನ ಪಂಕ್ಚರ್ ಹಾಕುವ ಕ್ರಮ ಬರೆದು ಕೊಟ್ಟಿದ್ದನಂತೆ. "ಚೆನ್ನಾಗಿದೆ, ಇನ್ನೆರಡು ರೆಫರೆನ್ಸ್ ಸೇರಿಸು," ಎಂದರಂತೆ ಸರ್.

ಆದರೆ ಆ ಶುಕ್ರವಾರ ಅವರು ನನ್ನ ಪೇಪರನ್ನು ಚೀಲಕ್ಕೆ ಹಾಕಿಕೊಂಡರು. "ಈ ಸಲ ಮನೇಲಿ ಕೂತು ಓದ್ತೀನಿ. ನಿನ್ನೊಬ್ಬಳ ಹೆಸರಲ್ಲಿ ಬರ್ತಿದೆ. ತಪ್ಪಿದ್ರೆ ಜನ ನಿನ್ನನ್ನ ಆಡಿಕೊಳ್ತಾರೆ."

ಶನಿವಾರ ನನಗೆ ಅನ್ನ ಸೇರಲಿಲ್ಲ. ಭಾನುವಾರ ಅಜ್ಜಿ ನನ್ನ ಹಣೆ ಮುಟ್ಟಿ ನೋಡಿದಳು. "ಜ್ವರ ಇಲ್ಲ. ಯಾರಿಗಾದ್ರೂ ನಿಜ ಹೇಳಿ ಬಂದಿದೀಯ?"

"ಬರೆದು ಕೊಟ್ಟಿದೀನಿ. ಇವತ್ತು ಓದ್ತಾರೆ."

"ಓದಿದ್ರೆ?"

"ಸಹಿ ಹಾಕಲ್ಲ ಅಜ್ಜಿ. ನಾಲ್ಕು ವರ್ಷ ಹೋಯ್ತು ಅಂತ ಅಂದುಕೊ."

"ಆ ಸಾಲು ತೆಗೆದುಬಿಟ್ರೆ?"

"ತೆಗೆದ್ರೆ ಪೇಪರಲ್ಲಿ ಏನೂ ಉಳಿಯಲ್ಲ."

ಅಜ್ಜಿ ಕತೆ ಹೇಳುತ್ತಾಳೇನೋ ಎಂದು ಕಾದೆ. "ಹೋಗಿ ತಲೆಗೆ ನೀರು ಹಾಕ್ಕೋ," ಎಂದಳು.

ಸೋಮವಾರ ಒಂಬತ್ತೂವರೆಗೆ ಸರ್ ನನ್ನನ್ನು ಕರೆದರು. ಮುಖ ಗಂಟಿಕ್ಕಿತ್ತು. ಪೇಪರು ಮೇಜಿನ ಮೇಲೆ, ಅದರ ಮೇಲೆ ಅವರ ಅಂಗೈ.

"ಇಷ್ಟು ದೊಡ್ಡ ತಪ್ಪು ಮಾಡ್ತೀಯ ಅಂದುಕೊಂಡಿರ್ಲಿಲ್ಲ."

ನಾನು ಜೊತೆಗೆ ತಂದಿದ್ದ ಡಿಎನ್‌ಎ ವರದಿಯ ಮಡಿಕೆ ಬಿಚ್ಚತೊಡಗಿದೆ.

"ಹದಿನೇಳನೇ ರೆಫರೆನ್ಸ್. ಸಂಪುಟ ಹದಿನಾಲ್ಕು ಅಂತ ಹಾಕಿದೀಯ, ಅದು ಹದಿನೈದು! ಹೀಗೇ ಅಚ್ಚಾದ್ರೆ ಯಂತ್ರಕ್ಕೆ ಗುರುತು ಸಿಗಲ್ಲ. ಎಣಿಕೆಗೇ ಬರಲ್ಲ. ಒಂದು ಸಂಖ್ಯೆ ನೆಟ್ಟಗೆ ಬರೆಯಕ್ಕಾಗಲ್ವಾ?"

"ತಪ್ಪಾಯ್ತು ಸರ್."

"ಉಳಿದದ್ದು ಚೆನ್ನಾಗಿದೆ. ಕಳಿಸು."

ನಾನು ಸುಮ್ಮನೆ ಬರಬಹುದಿತ್ತು. ಆದರೂ ಕೇಳಿದೆ. "ಸರ್, ನಾಲ್ಕನೇ ಪುಟ ನೋಡಿದ್ರಾ? ಅಲ್ಲಿ ನಿಮ್ಮ ಪೇಪರಿನ ಬಗ್ಗೇನೇ ಬರೆದಿದೀನಿ."

"ನೋಡ್ದೆ, ನೋಡ್ದೆ," ಎಂದರು ಸರ್, ಕಂಪ್ಯೂಟರಿನ ಕಡೆ ತಿರುಗುತ್ತ. "ಇನ್ನೂ ಒಂದೆರಡು ಕಡೆ ಬರೆದಿದ್ರೂ ನಡೀತಿತ್ತು."

ಸಂಪುಟ ಸಂಖ್ಯೆ ತಿದ್ದಿ ಕಳಿಸಿದೆ. ಪತ್ರಿಕೆಯ ವಿಮರ್ಶಕರಿಬ್ಬರೂ ಬೇಗ ಒಪ್ಪಿದರು. ಅವರಲ್ಲೊಬ್ಬರು, ತಾವೂ ಆ ಪ್ರೋಟೀನು ಹಾಕಿ ಹಾಕಿ ಸೋತಿದ್ದಾಗಿಯೂ, ತಮ್ಮ ಕೈಯೇ ಸರಿ ಇಲ್ಲವೆಂದು ಒಂಬತ್ತು ವರ್ಷ ನಂಬಿದ್ದಾಗಿಯೂ ಬರೆದಿದ್ದರು. ನನ್ನ ಥೀಸಿಸ್ಸಿನ ಕೊನೆಯ ದಿನಾಂಕಕ್ಕೆ ಹನ್ನೊಂದು ದಿನ ಉಳಿದಿರುವಾಗ ಪೇಪರು ಪ್ರಕಟವಾಯಿತು. ಅದರ ಮುಂದಿನ ಮಂಗಳವಾರ ಬೆಳಗ್ಗೆ ಗಾಜಿನ ಗೋಡೆಯಾಚೆಯಿಂದ ಒಂದು ಕೂಗು ಕೇಳಿಸಿತು. ಅಕ್ಕ ಬೆಂಕಿ ಬಿತ್ತೆಂದುಕೊಂಡು ಬಕೆಟ್ಟು ಹಿಡಿದು ಓಡಿದರು.

ನಲವತ್ತು.

ಸರ್ ಎಲ್ಲರಿಗೂ ಸಿಹಿ ಹಂಚಿದರು. ಅಕ್ಕನಿಗೆ ಎರಡು ಕೊಟ್ಟರು, ಯಾಕೆಂದು ತಮಗೇ ತಿಳಿಯದೆ. ಅದೇ ಖುಷಿಯಲ್ಲಿ ನನ್ನ ಥೀಸಿಸ್ ತರಿಸಿ, ಕೊನೆಯ ಪುಟ ತೆಗೆದು, ಆಕರಪಟ್ಟಿಯ ಮೇಲೆ ಬೆರಳಾಡಿಸಿ, ಅಲ್ಲಿಂದ ನೇರ ಸಹಿಯ ಪುಟಕ್ಕೆ ಬಂದು ಸಹಿ ಹಾಕಿದರು. ತಿಂಗಳೊಳಗೆ ನಿರ್ದೇಶಕರ ಕುರ್ಚಿಯಲ್ಲಿ ಕೂತರು. ಕಿಡ್ನಿಯವರು ಆ ದಿನ ಮೆಟ್ಟಿಲು ಹತ್ತಿ ಹೋದರು.

ಆಮೇಲೆ ನಡೆದದ್ದನ್ನು ನಾನೂ ಎಣಿಸಿರಲಿಲ್ಲ. ನಲವತ್ತು ನಲವತ್ತರಲ್ಲೇ ನಿಲ್ಲಲಿಲ್ಲ. ತಮ್ಮ ಕೈಯನ್ನೇ ದೂರಿಕೊಂಡು ಸುಮ್ಮನಿದ್ದವರೆಲ್ಲ ಬೇರೆ ಬೇರೆ ಊರುಗಳಲ್ಲಿ ಒಬ್ಬೊಬ್ಬರಾಗಿ ತಲೆಯೆತ್ತಿ, ನಮಗೂ ಹೀಗೇ ಆಗಿತ್ತು ಎಂದು ಬರೆಯತೊಡಗಿದರು. ಬರೆದವರೆಲ್ಲ ಎರಡು ಪೇಪರು ಹೆಸರಿಸುತ್ತಿದ್ದರು: ತಪ್ಪು ಎಂದು ಸರ್ ಅವರದು, ತಪ್ಪನ್ನು ತೋರಿಸಿದ್ದಕ್ಕೆ ನಮ್ಮದು. ಆ ನಲವತ್ತನೆಯ ಪೇಪರಿಗೆ ನಲವತ್ತೇಳಾ‍ಯಿತು, ಐವತ್ತೈದಾಯಿತು, ಅರವತ್ತಾಯಿತು. ಸಂಸ್ಥೆಯ ಸಭೆಯಲ್ಲಿ ಸರ್ ಅದನ್ನು ದೊಡ್ಡ ಪರದೆಯ ಮೇಲೆ ತೋರಿಸಿದರು. "ಹದಿನಾಲ್ಕು ವರ್ಷದ ಹಿಂದಿನ ಕೆಲಸ. ಜಗತ್ತು ಈಗ ಕಣ್ಣು ಬಿಡ್ತಿದೆ," ಎಂದರು. ಗೆರೆ ಮೇಲೆ ಮೇಲೆ ಹೋಗುವ ಆ ಗ್ರಾಫಿಗೆ ಬಣ್ಣ ಹಾಕಿದವನು ಗ್ರಾಫ್ ಅಣ್ಣ. ಬಂಗಾರದ ಬಣ್ಣ ಹಾಕಿದ್ದ, ಪಾಪಿ.

ನನ್ನ ಥೀಸಿಸ್ಸಿನ ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದ ಪರೀಕ್ಷಕಿ ವಯಸ್ಸಾದವರು, ದಪ್ಪ ಕನ್ನಡಕದವರು. ಅವರು ಎಲ್ಲವನ್ನೂ ಮೊದಲ ಪುಟದಿಂದ ಓದುವ ಹಳೇ ಕಾಲದ ಮನುಷ್ಯೆ. ನನ್ನ ಥೀಸಿಸ್ಸಿನ ಅಂಚಿನಲ್ಲಿ ಅವರು ಅಂಟಿಸಿದ ಹಳದಿ ಚೀಟಿಗಳು ಹಕ್ಕಿಯ ಪುಕ್ಕದ ಹಾಗೆ ಕೆದರಿದ್ದವು. ಎರಡು ಗಂಟೆ ಪ್ರಶ್ನೆ ಕೇಳಿ, ಪದವಿಗೆ ಶಿಫಾರಸು ಮಾಡಿ, ಹಾಳೆಗೆ ಸಹಿ ಹಾಕಿ, ಪೆನ್ನು ಮುಚ್ಚಿ ಎದ್ದು ನಿಂತರು.

"ನಾನಿಲ್ಲಿ ಮತ್ತೊಬ್ಬರನ್ನ ಅಭಿನಂದಿಸಬೇಕು," ಎಂದರು. ಮುಂದಿನ ಸಾಲಿನಲ್ಲಿ ಕೂತಿದ್ದ ಸರ್ ಅವರತ್ತ ಕೈ ತೋರಿದರು. "ತಮ್ಮ ಪೇಪರು ತಪ್ಪು ಅಂತ ತೋರಿಸೋಕೆ ತಮ್ಮ ವಿದ್ಯಾರ್ಥಿನಿಗೇ ಬಿಟ್ಟವರನ್ನ ನಾನು ನೋಡಿಲ್ಲ. ಬಿಟ್ಟದ್ದಲ್ಲದೆ, ಅದರ ಯಶಸ್ಸಿನಲ್ಲಿ ಪಾಲು ಬೇಡ ಅಂತ ತಮ್ಮ ಹೆಸರನ್ನೂ ತೆಗೆಸಿದ್ರಂತೆ. ಆ ಜೀವಕೋಶಗಳು ಲಿವರಿನವಲ್ಲ ಅಂತ ನಾಲ್ಕನೇ ಪುಟದಲ್ಲಿ ಎಷ್ಟು ನೇರವಾಗಿ ಹೇಳಿಸಿದಾರೆ! ಇಂಥ ದೊಡ್ಡ ಮನಸ್ಸು ನಮ್ಮ ಕ್ಷೇತ್ರದಲ್ಲಿ ಅಪರೂಪ."

ಸಭೆ ಚಪ್ಪಾಳೆ ತಟ್ಟಿತು. ಎಲ್ಲರಿಗಿಂತ ಜೋರಾಗಿ ತಟ್ಟಿದವರು ಹಿಂದಿನ ಸಾಲಿನ ಕಿಡ್ನಿಯವರು. ಅವರು ಪೇಪರನ್ನು ಓದಿದ್ದರು ಎಂದು ನನಗೆ ಅನುಮಾನ. ಸರ್ ಎದ್ದು ನಿಂತರು. ಒಂದು ಕೈಯಲ್ಲಿ ನನ್ನ ಪೇಪರು. ಮೊದಲ ಪುಟದಿಂದ ಒಂದೊಂದೇ ಹಾಳೆ ಮಗುಚುತ್ತ, ನಗುತ್ತ, ತಲೆಬಾಗಿಸುತ್ತ, "ವಿಜ್ಞಾನದಲ್ಲಿ ವ್ಯಕ್ತಿ ಮುಖ್ಯ ಅಲ್ಲ," ಎನ್ನುತ್ತಿದ್ದರು. ನಾಲ್ಕನೆಯ ಹಾಳೆಗೆ ಬಂದಾಗ ನಗು ಹಾಗೇ ಇತ್ತು, ಮುಖ ಮಾತ್ರ ಅದರ ಹಿಂದೆ ಇರಲಿಲ್ಲ.

ಎಲ್ಲ ಮುಗಿದ ಮೇಲೆ ಕಾರಿಡಾರಿನ ಕಿಟಕಿಯ ಬಳಿ ಅವರು ನನ್ನನ್ನು ತಡೆದರು.

"ಇದು ಮೊದಲಿಂದಲೂ ಇತ್ತಾ?"

"ಇತ್ತು ಸರ್. ನೀವು ಮನೆಗೆ ತಗೊಂಡು ಹೋದ ಪ್ರತೀಲೂ ಇತ್ತು."

"ಆ ನೋಟುಬುಕ್ಕು?"

"ಅಕ್ಕಂದು. ಅವರು ಆಗ್ಲೇ ನಿಮಗೆ ಹೇಳಿದ್ರಂತೆ."

ಸರ್ ಕಿಟಕಿಯಾಚೆ ನೋಡಿದರು. ಕೆಳಗೆ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು. ಅಷ್ಟು ವರ್ಷದಲ್ಲಿ ಮೊದಲ ಸಲ ಅವರು ಅಂಕಿಯಲ್ಲದ, ಬರೀ ಒಬ್ಬ ಮುದುಕನಾಗುತ್ತಿರುವ ಮನುಷ್ಯನ ಹಾಗೆ ಕಂಡರು. ನನಗೆ ರಾಕ್ಷಸನ ಮೇಲಿನ ಹಳೆಯ ಕನಿಕರ ಒಂದು ಗಳಿಗೆ ಮರಳಿ ಬಂತು.

"ಆ ಪೇಪರನ್ನ ವಾಪಸ್ ತಗೊಳ್ತೀನಿ ಅಂತ ಪತ್ರಿಕೆಗೆ ಬರೆಯೋದು... ಅದೇ ಅಲ್ವಾ ಸರಿಯಾದ ಕ್ರಮ?" ಎಂದರು.

"ಹೌದು ಸರ್."

"ಬರೆದ್ರೆ ಅದರ ಸೈಟೇಶನ್ನು?"

"ಸಮಿತಿ ಲೆಕ್ಕದಿಂದ ಆ ಪೇಪರ್ ಪೂರ್ತಿ ಹೋಗುತ್ತೆ. ಮೂವತ್ತೊಂಬತ್ತಾಗುತ್ತೆ ಸರ್."

"ಈಗ ಎಷ್ಟಾಗಿದೆ ಅದಕ್ಕೆ?"

"ಎಪ್ಪತ್ತೊಂದು. ತಿಂಗಳಿಗೆ ನಾಲ್ಕೈದು ಸೇರ್ತಾನೇ ಇದೆ."

ಅವರ ತುಟಿ ಅಲ್ಲಾಡಿತು. ಏನೋ ಗುಣಿಸಿಕೊಂಡರು. ನನ್ನ ಕನಿಕರ ಬಂದ ದಾರಿಯಲ್ಲೇ ಹೋಯಿತು.

"ಇರ್ಲಿ ಬಿಡು," ಎಂದು ಕೋಟು ಸರಿ ಮಾಡಿಕೊಂಡು ನಿರ್ದೇಶಕರ ಕೋಣೆಯತ್ತ ನಡೆದರು.

ನಾನು ಜೀವಕೋಶಗಳ ಕೋಣೆಗೆ ಬಂದೆ. ಅಕ್ಕ ಪೋಷಕದ್ರವದ ಬಾಟಲಿಗಳನ್ನು ಬೆಚ್ಚನೆ ನೀರಿನಲ್ಲಿ ನಿಲ್ಲಿಸಿ ಕಾಯುತ್ತಿದ್ದರು. ಇಪ್ಪತ್ತು ನಿಮಿಷ ಬೇರೆ ಕೆಲಸವಿರಲಿಲ್ಲ.

"ಪಾಸಾದ್ಯಾ?"

"ಆದೆ ಅಕ್ಕ. ನಿಮ್ಮ ಲೆಕ್ಕಾನೂ ನೋಡಿಕೊಂಡು ಬಂದೆ. ನಮ್ಮ ಪೇಪರನ್ನ ಮೂವತ್ತೊಂದು ಜನ ಹೆಸರಿಸಿದಾರೆ. ಹೊಸ ನಿರ್ದೇಶಕರ ತೂಕ ನಲವತ್ತಾದ್ರೆ, ಒಂದೇ ಪೇಪರಿನ ನಿಮ್ಮದು ಒಂದು."

"ಒಂದು ಸಾಕು," ಎಂದರು ಅಕ್ಕ. ಕೈ ಒರೆಸಿಕೊಂಡು, ನನ್ನ ಕಡೆ ಸ್ಟೂಲು ತಳ್ಳಿದರು. "ಆ ಮೂವತ್ತೊಂದು ಜನ ಏನಂತ ಬರೆದಿದಾರೆ? ಓದಿ ಹೇಳು."

ನಾನೂ ಇನ್ನೂ ಓದಿರಲಿಲ್ಲ, ಎಣಿಸಿದ್ದೆ, ಅಷ್ಟೇ. ನಾಚಿಕೆಯಾಯಿತು. ಸ್ಟೂಲಿನ ಮೇಲೆ ಕೂತು ಮೊದಲನೆಯದನ್ನು ತೆರೆದು, ಮೊದಲ ಪುಟದ ಮೊದಲ ಸಾಲಿನಿಂದ ಶುರು ಮಾಡಿದೆ.